ಎರಡು ವಾದ್ಯ, ಒಂದು ಹಾಡು

ಫೆಬ್ರುವರಿ ತಿಂಗಳ ನಡುವಿನಲ್ಲಿ ದಾವಣಗೆರೆ ಜಿಲ್ಲೆಯ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪಕ್ಕೆ ಹೋಗುವ ದಾರಿಗಳೆಲ್ಲ ಜನರಿಂದ ತುಂಬಿಹೋಗುತ್ತವೆ. ಲಂಬಾಣಿಗರ ಆರಾಧ್ಯರಾದ ಸಂತ ಸೇವಾಲಾಲರು 1739ರಲ್ಲಿ ಜನಿಸಿದ್ದು ಇಲ್ಲಿಯೇ ಎಂಬುದು ಭಕ್ತರ ನಂಬಿಕೆ. ದೂರದ ತಾಂಡಾಗಳಿಂದ ಕಾಲ್ನಡಿಗೆಯಲ್ಲಿ ಬರುವವರೂ ಉಂಟು.

ಆ ಸಂದಣಿಯ ನಡುವೆ ಎರಡು ವಾದ್ಯಗಳ ದನಿ ಕೇಳಿಬರುತ್ತದೆ. ಒಂದು ಚರ್ಮ ಬಿಗಿದ ನಗಾರಿ; ಇನ್ನೊಂದು ಕಂಚಿನ ತಟ್ಟೆ. ನಗಾರಿಯದು ಗಂಭೀರ ನಾದ, ತಟ್ಟೆಯದು ಚುರುಕು ನಾದ. ಒಂದು ಹೆಜ್ಜೆಯಿಟ್ಟರೆ ಇನ್ನೊಂದು ಗೆಜ್ಜೆ ಕಟ್ಟುತ್ತದೆ. ಈ ಜೋಡಿ ಸೇರಿದರೆ ಸಾಕು, ಭಜನೆ ತಾನಾಗಿಯೇ ಮೇಲೇಳುತ್ತದೆ.

ಲಂಬಾಣಿಗರು ಒಂದು ಕಾಲಕ್ಕೆ ಎತ್ತುಗಳ ಮೇಲೆ ಉಪ್ಪು, ಧಾನ್ಯಗಳನ್ನು ಹೇರಿಕೊಂಡು ನಾಡಿನಿಂದ ನಾಡಿಗೆ ಸಾಗಿಸುತ್ತಿದ್ದವರು. ಹತ್ತೊಂಬತ್ತನೆಯ ಶತಮಾನದಲ್ಲಿ ರೈಲು ಬಂದಿತು. ಎತ್ತಿನ ಹಿಂಡಿಗೆ ಕೆಲಸವಿಲ್ಲದಾಯಿತು. 1871ರಲ್ಲಿ ಆಂಗ್ಲ ಸರ್ಕಾರ ತಂದ ಅಪರಾಧಿ ಬುಡಕಟ್ಟುಗಳ ಕಾಯಿದೆಯು ಮುಂದೆ ಹಲವೆಡೆ ಇವರ ಹಣೆಗೂ ಕಳಂಕವನ್ನು ಹಚ್ಚಿತು. ಆ ಕಾಯಿದೆ ರದ್ದಾದುದು ಸ್ವಾತಂತ್ರ್ಯಾನಂತರ, 1952ರಲ್ಲಿ. ಇಷ್ಟೆಲ್ಲ ಕಷ್ಟಗಳ ನಡುವೆಯೂ ಅವರು ಹಾಡನ್ನು ಕೈಬಿಡಲಿಲ್ಲ. ಅವರ ಗೋರ್ ಬೋಲಿಗೆ ಸ್ವಂತ ಲಿಪಿಯಿಲ್ಲ. ಆದ್ದರಿಂದ ಹಾಡೇ ಅವರ ಗ್ರಂಥ. ಹೋಳಿಗೆ ಲೇಂಗಿ, ತೀಜ್ ಹಬ್ಬದಲ್ಲಿ ಗೋಧಿಯ ಸಸಿ ಬೆಳೆಸುವ ಕನ್ಯೆಯರ ಗೀತೆ, ತವರನ್ನು ಬಿಡುವ ವಧುವಿನ ಕಣ್ಣೀರಿನ ಢಾವಲೋ: ಬದುಕಿನ ಪ್ರತಿಯೊಂದು ಘಟ್ಟಕ್ಕೂ ಒಂದು ಹಾಡುಂಟು.

ಇಂತಹುದೇ ಕಥೆ ದೂರದ ಯೂರೋಪಿನಲ್ಲಿಯೂ ನಡೆಯಿತು. ಅಲ್ಲಿನ ಯಹೂದಿ ವಾದಕರು ಊರಿಂದೂರಿಗೆ ಹೋಗಿ ಮದುವೆಗಳಲ್ಲಿ ಪಿಟೀಲು, ಕ್ಲಾರಿನೆಟ್‌ಗಳನ್ನು ನುಡಿಸುತ್ತಿದ್ದರು. ಆ ಸಂಗೀತಕ್ಕೆ ಕ್ಲೆಜ್ಮರ್ ಎಂದು ಹೆಸರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸುಮಾರು ಅರುವತ್ತು ಲಕ್ಷ ಯಹೂದಿಗಳು ಹತರಾದರು; ಅವರೊಡನೆ ಆ ಹಾಡಿನ ಊರುಗಳೂ ಅಳಿದವು. ಆದರೆ ಡೇವ್ ತರಾಸ್ ಎಂಬ ವೃದ್ಧ ಕ್ಲಾರಿನೆಟ್ ವಾದಕರು ಅಮೆರಿಕದಲ್ಲಿ ಉಳಿದಿದ್ದರು. ತರುಣ ಆಂಡಿ ಸ್ಟಾಟ್‌ಮನ್ ಅವರಲ್ಲಿ ಕಲಿತು, 1979ರಲ್ಲಿ ಝೆವ್ ಫೆಲ್ಡ್‌ಮನ್ ಅವರೊಡನೆ ಜೋಡಿಯಾಗಿ ಒಂದು ಧ್ವನಿಮುದ್ರಿಕೆಯನ್ನು ಹೊರತಂದರು. ಆರಿಹೋಗಲಿದ್ದ ದೀಪಕ್ಕೆ ಹೀಗೆ ಎಣ್ಣೆ ದೊರೆಯಿತು.

ಕಲಿಸುವವರೊಬ್ಬರು ಬದುಕಿದ್ದುದರಿಂದ, ಕೇಳಿ ಕಲಿಯುವವರೊಬ್ಬರು ಬಂದುದರಿಂದ ಅದು ಸಾಧ್ಯವಾಯಿತು. ಇಬ್ಬರಲ್ಲಿ ಒಬ್ಬರಿಲ್ಲದಿದ್ದರೂ ಆ ಸಂಗೀತ ಮೌನವಾಗುತ್ತಿತ್ತು.

ಇಂದು ತಾಂಡಾದ ಹಾಡುಗಳಿಗೆ ಕೀಬೋರ್ಡ್ ಜೊತೆಯಾಗಿದೆ. ಮೊಬೈಲಿನಲ್ಲಿಯೂ ಅವು ಕೇಳಿಬರುತ್ತವೆ. ಹೊಸತು ಬರುವುದು ತಪ್ಪಲ್ಲ. ಆದರೆ ಕಬ್ಬು ಕಡಿಯಲು ತಂದೆತಾಯಿಯರೊಡನೆ ಊರು ಬಿಡುವ ಮಗುವಿಗೆ ಅಜ್ಜಿಯ ಹಾಡನ್ನು ಕೇಳುವ ಬಿಡುವೆಲ್ಲಿ? ಪೇಟೆಯ ಶಾಲೆಯಲ್ಲಿ ತನ್ನ ನುಡಿಯನ್ನಾಡಲು ನಾಚುವ ಹುಡುಗನಿಗೆ ಆ ಹಾಡಿನ ಅರ್ಥವನ್ನು ಹೇಳುವವರು ಯಾರು? ಲಿಪಿಯಿರುವ ಭಾಷೆ ಪುಸ್ತಕದಲ್ಲಿಯಾದರೂ ಕಾದಿರುತ್ತದೆ; ಲಿಪಿಯಿಲ್ಲದ್ದು ಮನುಷ್ಯರ ನಾಲಗೆಯ ಮೇಲಲ್ಲದೆ ಬೇರೆಲ್ಲಿಯೂ ನಿಲ್ಲದು.

ಜಯಂತಿಯ ರಾತ್ರಿ ಮುದುಕನೊಬ್ಬ ನಗಾರಿಯನ್ನು ಬಾರಿಸುತ್ತಾನೆ. ಪಕ್ಕದಲ್ಲಿ ಮೊಮ್ಮಗನ ಕೈಯಲ್ಲಿ ಕಂಚಿನ ತಟ್ಟೆ. ಹುಡುಗ ಒಮ್ಮೆ ತಾಳ ತಪ್ಪುತ್ತಾನೆ. ಮುದುಕ ಗದರುವುದಿಲ್ಲ, ತನ್ನ ಪೆಟ್ಟನ್ನು ತುಸು ನಿಧಾನಿಸುತ್ತಾನೆ. ಹುಡುಗ ಮತ್ತೆ ತಾಳಕ್ಕೆ ಸೇರಿಕೊಳ್ಳುತ್ತಾನೆ. ಹಾಡು ಮುಂದುವರಿಯುತ್ತದೆ.