ಏಳನೆಯ ವಾರ

2019ರ ಡಿಸೆಂಬರ್ 26ರ ಬೆಳಗ್ಗೆ ಕೊಯಮತ್ತೂರಿನಲ್ಲಿ ಕಂಕಣ ಸೂರ್ಯಗ್ರಹಣ ಕಂಡಿತು. ಆರ್.ಎಸ್. ಪುರಂನ ನಮ್ಮ ಮನೆಯಲ್ಲಿ ಏಳು ತಿಂಗಳು ತುಂಬಿದ್ದ ಸೊಸೆ ಒಗೆದ ಬಟ್ಟೆ ಹರವಲು ಅಂಗಳಕ್ಕೆ ಹೋಗಿದ್ದಳು. ಮುಂದೆ ಮೊಮ್ಮಗ ಹುಟ್ಟಿದಾಗ ಅವನ ಬಲಗಣ್ಣಿನ ಪಾಪೆ ದುಂಡಗಿರದೆ, ಬೀಗದ ಕಿಂಡಿಯಂತೆ ಕೆಳಕ್ಕೆ ಇಳಿದಿತ್ತು. “ಗ್ರಹಣ ತಾಗಿದೆ” ಎಂದರು ನನ್ನ ಅಕ್ಕ. ಸೊಸೆ ತಲೆ ತಗ್ಗಿಸಿದಳು. ಮೂವತ್ತು ವರ್ಷ ವಿಜ್ಞಾನ ಬೋಧಿಸಿದ ನಾನು ಸುಮ್ಮನಿದ್ದೆ.

ನೇತ್ರವೈದ್ಯರು ಅದನ್ನು ಕೊಲೊಬೋಮಾ ಎಂದು ಹೇಳಿ ವಿವರಿಸಿದರು. ಗರ್ಭದ ನಾಲ್ಕನೆಯ ವಾರದಲ್ಲಿ ಭ್ರೂಣದ ಮೆದುಳಿನಿಂದಲೇ ಎರಡು ಗುಳ್ಳೆಗಳು ಹೊರಚಾಚುತ್ತವೆ. ಅವು ತಲುಪಿದೆಡೆ ಮೇಲ್ಪದರ ದಪ್ಪಗಾಗಿ, ಒಳಸರಿದು ಮಸೂರವಾಗುತ್ತದೆ. ಗುಳ್ಳೆಯೂ ಒಳಕ್ಕೆ ಮಡಿಚಿಕೊಂಡು ಬಟ್ಟಲಿನ ಆಕಾರ ತಾಳುತ್ತದೆ. ಅದೇ ಮುಂದೆ ಅಕ್ಷಿಪಟಲ. ಬಟ್ಟಲಿನ ಕೆಳಭಾಗದಲ್ಲಿ ರಕ್ತನಾಳ ಒಳಹೋಗಲು ಒಂದು ಸೀಳಿರುತ್ತದೆ. ಏಳನೆಯ ವಾರದ ಹೊತ್ತಿಗೆ ಅದು ಬೆಸೆದುಕೊಳ್ಳಬೇಕು. ಬೆಸೆಯದೆ ಉಳಿದರೆ ಇಂತಹ ಕೊರೆ. ಕೆಲವರಲ್ಲಿ ವಂಶವಾಹಿಯ ದೋಷ ಕಾರಣ. ಹಲವರಲ್ಲಿ ಕಾರಣವೇ ತಿಳಿಯದು.

ಮನೆಗೆ ಬಂದು ಲೆಕ್ಕ ಹಾಕಿದೆ. ಸೀಳು ಮುಚ್ಚಬೇಕಾದದ್ದು ಏಳನೆಯ ವಾರದಲ್ಲಿ; ಗ್ರಹಣ ಬಂದದ್ದು ಏಳು ತಿಂಗಳು ತುಂಬಿದ ಮೇಲೆ. ಸೊಸೆ ಬಟ್ಟೆ ಹರವುವುದಕ್ಕೆ ಸುಮಾರು ಐದು ತಿಂಗಳು ಮೊದಲೇ ಆ ಕಣ್ಣಿನ ಆಕಾರ ನಿರ್ಧಾರವಾಗಿತ್ತು. ಇದನ್ನು ಅಕ್ಕನ ಎದುರಿಗೆ, ಸೊಸೆಗೂ ಕೇಳಿಸುವಂತೆ ಹೇಳಿದೆ. ಅಕ್ಕ ಮಾತಾಡಲಿಲ್ಲ. ಸೊಸೆ ಮಾತ್ರ, “ಮಾವ, ಇದನ್ನು ಅಂದೇ ಹೇಳಬಾರದಿತ್ತೇ?” ಎಂದಳು.

ಕೊರೆ ಅಕ್ಷಿಪಟಲವನ್ನು ಮುಟ್ಟಿರಲಿಲ್ಲ. ಮೊಮ್ಮಗ ಈಗ ಟೋಪಿ ಧರಿಸಿ ಶಾಲೆಗೆ ಹೋಗುತ್ತಾನೆ, ಚೆನ್ನಾಗಿ ಓದುತ್ತಾನೆ. ಸೊಸೆಯ ಪ್ರಶ್ನೆಗೆ ಮಾತ್ರ ನನ್ನಲ್ಲಿ ಇಂದಿಗೂ ಉತ್ತರವಿಲ್ಲ.