ಕುಡಿಕೆಯೂ ದುಡಿಮೆಯೂ

“ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು” ಎಂಬುದು ಹಿರಿಯರ ಗಾದೆ. ಇಲ್ಲಿ ‘ಕುಡಿಕೆ’ ಎಂದರೆ ಕೂಡಿಟ್ಟ ಸಂಗ್ರಹ. ‘ಕೂತು ಉಣ್ಣುವುದು’ ಎಂದರೆ ಸಂಪಾದನೆಯಿಲ್ಲದೆ ವ್ಯಯಿಸುವುದು. ಸಂಗ್ರಹ ಎಷ್ಟೇ ಇರಲಿ, ದುಡಿಮೆ ನಿಂತ ಕ್ಷಣದಿಂದ ಅದು ಬರಿದಾಗತೊಡಗುತ್ತದೆ ಎಂಬುದು ತಾತ್ಪರ್ಯ. ಮೂಡುಬಿದಿರೆಯ ಅಧ್ಯಾಪಕರೊಬ್ಬರಿಗೆ ಈ ಮಾತಿನ ಅರ್ಥ ಮನದಟ್ಟಾದುದು ತಮ್ಮ ಹಳೆಯ ಕಾರಿನಿಂದ.

ಅದು ‘ಸ್ಯಾನ್ ಸ್ಟಾರ್ಮ್’. 1990ರ ದಶಕದ ಕೊನೆಯಲ್ಲಿ ಗೋವಾದ ಕಾರ್ಖಾನೆಯಿಂದ ಹೊರಬಂದ, ಇಬ್ಬರಿಗಷ್ಟೇ ಆಸನವಿರುವ ಸ್ಪೋರ್ಟ್ಸ್ ಕಾರು. ಎಂಜಿನ್ ರೆನೋ ಸಂಸ್ಥೆಯ 1149 ಸಿ.ಸಿ.ಯದು, ಹೊರಮೈ ಫೈಬರಿನದು. ತಯಾರಾದದ್ದೇ ಅಲ್ಪಸಂಖ್ಯೆಯಲ್ಲಾದುದರಿಂದ ಬಿಡಿಭಾಗಗಳು ದುರ್ಲಭ. ತಂದೆಯವರು ಆಸೆಪಟ್ಟು ಕೊಂಡಿದ್ದ ವಾಹನವಾದುದರಿಂದ ಅಧ್ಯಾಪಕರು ಅದನ್ನು ಮಾರಲೊಲ್ಲದೆ ಉಳಿಸಿಕೊಂಡಿದ್ದರು.

ಆ ವರ್ಷ ಕಾರು ಬೆಳಿಗ್ಗೆ ಚಾಲೂ ಆಗದೆ ತೊಂದರೆ ಕೊಡುತ್ತಿತ್ತು. ನೋಡಿದವರೆಲ್ಲ ಬ್ಯಾಟರಿಯನ್ನೇ ದೂರಿದರು. ಹನ್ನೆರಡು ತಿಂಗಳಲ್ಲಿ ಎರಡು ಬ್ಯಾಟರಿಗಳು ಬದಲಾದವು. ಆಷಾಢದ ಒಂದು ಸಂಜೆ ವೃದ್ಧ ತಾಯಿಯೊಡನೆ ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುವಾಗ ಮಂಜಿನ ನಡುವೆ ದೀಪಗಳು ಮಂಕಾದವು. ಮಳೆ ಒರೆಸುವ ವೈಪರ್ ನಿಧಾನವಾಯಿತು. ಒಂದು ಬದಿ ಬಂಡೆ, ಇನ್ನೊಂದು ಬದಿ ಕಣಿವೆ. ಮುಂದೆ ಹೋಗುತ್ತಿದ್ದ ಬಸ್ಸಿನ ಕೆಂಪು ದೀಪಗಳನ್ನೇ ನೆಚ್ಚಿ ಅವರು ಚಾರ್ಮಾಡಿ ಊರನ್ನು ಮುಟ್ಟಿದರು. ಎಂಜಿನ್ ಅಲ್ಲಿ ನಿಂತಿತು. ತಾಯಿ ಮಗನಿಗೆ ಒಂದು ಮಾತನ್ನೂ ಅನ್ನಲಿಲ್ಲ. ಅವರ ಕೈ ಮಾತ್ರ ನಡುಗುತ್ತಿತ್ತು.

ನಡೆದದ್ದೇನು? ಕಾರಿನಲ್ಲಿ ಬ್ಯಾಟರಿ ಕುಡಿಕೆ; ಆಲ್ಟರ್ನೇಟರ್ ದುಡಿಯುವ ಕೈ. ಎಂಜಿನ್ ತಿರುಗುವಾಗ ಬೆಲ್ಟಿನ ಮೂಲಕ ತಾನೂ ತಿರುಗಿ ವಿದ್ಯುತ್ತನ್ನು ಉತ್ಪಾದಿಸಿ, ದೀಪ, ವೈಪರ್, ಇಂಧನ ಪಂಪುಗಳಿಗೆಲ್ಲ ಹಂಚಿ, ಮಿಕ್ಕುದನ್ನು ಬ್ಯಾಟರಿಗೆ ತುಂಬುವುದು ಅದರ ಕೆಲಸ. ಅದು ಸೋತರೆ ಸಕಲ ಭಾರವೂ ಬ್ಯಾಟರಿಯ ಮೇಲೆ. ಮಳೆಯ ರಾತ್ರಿಯಲ್ಲಿ ಇವೆಲ್ಲ ಸೇರಿ 25 ಆಂಪಿಯರ್ ಬೇಡಿದರೆ, 35 ಆಂಪಿಯರ್-ಗಂಟೆಯ ತುಂಬಿದ ಬ್ಯಾಟರಿಯೂ ಒಂದೂವರೆ ಗಂಟೆಗೆ ಸಾಲದು. ಹೊಸ ಕುಡಿಕೆ ತಂದಷ್ಟೂ ಅದು ಬರಿದಾಗುತ್ತಲೇ ಹೋಗುತ್ತದೆ.

ಬೆಳ್ತಂಗಡಿ ತಾಲ್ಲೂಕಿನದೇ ಆದ ಧರ್ಮಸ್ಥಳದ ಕಾರು ಸಂಗ್ರಹಾಲಯವನ್ನು ನೋಡಿದವರು ಇನ್ನೂ ಹಳೆಯ ತಲೆಮಾರಿನ ಕಾರುಗಳನ್ನು ಬಲ್ಲರು. ಆ ಕಾಲದಲ್ಲಿ ಈ ಹೊಣೆ ಡೈನಮೋದ್ದಾಗಿತ್ತು. ಎಂಜಿನ್ ನಿಧಾನವಾಗಿ ತಿರುಗುವಾಗ ಅದರ ಉತ್ಪಾದನೆ ಸಾಲುತ್ತಿರಲಿಲ್ಲ. 1960ರಲ್ಲಿ ಅಮೆರಿಕದ ಕ್ರೈಸ್ಲರ್ ಸಂಸ್ಥೆ ತನ್ನ ವೇಲಿಯಂಟ್ ಕಾರಿಗೆ ಆಲ್ಟರ್ನೇಟರನ್ನು ಅಳವಡಿಸಿದ ಬಳಿಕ ಕ್ರಮೇಣ ಎಲ್ಲೆಡೆ ಅದೇ ರೂಢಿಯಾಯಿತು.

ಕಾರನ್ನು ಬಂಟ್ವಾಳದ ಹಿರಿಯ ಎಲೆಕ್ಟ್ರಿಷಿಯನ್ ಒಬ್ಬರಲ್ಲಿಗೆ ಸಾಗಿಸಲಾಯಿತು. ಅವರು ಬದಲಿಸುವ ಮೊದಲು ಅಳೆದರು. ತುಂಬಿದ ಬ್ಯಾಟರಿ ವಿಶ್ರಾಂತಿಯಲ್ಲಿ 12.6 ವೋಲ್ಟ್ ತೋರಬೇಕು. ಎಂಜಿನ್ ಓಡುವಾಗ 13.8ರಿಂದ 14.4ರವರೆಗೆ ಏರಬೇಕು. ಇಲ್ಲಿ ಓಡುವಾಗಲೂ 12.2. ಆದರೂ ಅವರು ಆಲ್ಟರ್ನೇಟರನ್ನು ಒಡನೆ ದೋಷಿಯೆನ್ನಲಿಲ್ಲ. ಬೆಲ್ಟಿನ ಬಿಗಿ ನೋಡಿದರು. ಫೈಬರ್ ಮೈ ವಿದ್ಯುತ್ತನ್ನು ಹರಿಸದಾದುದರಿಂದ ಇಂಥ ಕಾರಿನಲ್ಲಿ ಅರ್ತ್ ತಂತಿಗಳೇ ಮರಳುವ ದಾರಿ. ಕರಾವಳಿಯ ಮಳೆಯಲ್ಲಿ ಅವುಗಳ ಕೊನೆಗಳು ತುಕ್ಕು ಹಿಡಿಯುತ್ತವೆ. ಅವನ್ನು ಉಜ್ಜಿ ಬಿಗಿದು ಮತ್ತೆ ಅಳೆದರು. ಅಂಕಿ ಏರದಿದ್ದಾಗಲೇ ಆಲ್ಟರ್ನೇಟರನ್ನು ಬಿಚ್ಚಿದರು. ಕಾರ್ಬನ್ ಬ್ರಷ್‌ಗಳು ಸವೆದಿದ್ದವು, ಆರು ಡಯೋಡ್‌ಗಳಲ್ಲಿ ಎರಡು ಸುಟ್ಟಿದ್ದವು, ಬ್ರಷ್ ಉಜ್ಜುವ ಉಂಗುರಗಳಲ್ಲಿ ಗೀರು ಬಿದ್ದಿತ್ತು. ಇಷ್ಟು ಸವೆದುದನ್ನು ಬದಲಿಸುವುದೇ ಲೇಸು ಎಂದರು.

ಬೇರೆ ಕಾರಿನ ಆಲ್ಟರ್ನೇಟರೊಂದು ಅಂಗಡಿಯಲ್ಲೇ ಇತ್ತು. ಅದರ ಕಿವಿಯನ್ನು ಅರದಿಂದ ಉಜ್ಜಿ ಕೂರಿಸಬಹುದಿತ್ತು. ಅಧ್ಯಾಪಕರೂ ಅದನ್ನೇ ಕೇಳಿದರು. ಹಿರಿಯರು ಒಪ್ಪಲಿಲ್ಲ. ಪುಲ್ಲಿಯ ಸಾಲು ಕೂದಲೆಳೆಯಷ್ಟು ತಪ್ಪಿದರೂ ಬೆಲ್ಟ್ ಹರಿಯುವುದು ಘಾಟಿಯಲ್ಲೇ ಎಂದರು. ಆಂಪಿಯರ್, ಪುಲ್ಲಿಯ ಗಾಡಿಗಳು, ಬೋಲ್ಟ್ ರಂಧ್ರಗಳ ಅಂತರ ಮೂರೂ ಹೊಂದುವ ಆಲ್ಟರ್ನೇಟರ್ ಬರಲು ಎಂಟು ದಿನ ಹಿಡಿಯಿತು. ಬಂದ ದಿನ ಮೊದಲು ಬ್ಯಾಟರಿಯ ಋಣ ತಂತಿ ಕಳಚಿ, ಹಳೆಯದನ್ನು ಇಳಿಸಿ, ಹೊಸದನ್ನು ಬಿಗಿದರು. ಬರಿದಾಗಿದ್ದ ಬ್ಯಾಟರಿಯನ್ನು ಆ ಮೊದಲೇ ಒಂದು ರಾತ್ರಿ ಬೇರೆ ಯಂತ್ರದಿಂದ ತುಂಬಿಟ್ಟಿದ್ದರು. ಹೊಸದಾಗಿ ದುಡಿಯಲು ಬಂದವನ ಮೇಲೆ ಮೊದಲ ದಿನವೇ ಹಳೆಯ ಸಾಲವನ್ನೆಲ್ಲ ಹೊರಿಸಬಾರದಷ್ಟೆ. ಎಂಜಿನ್ ಚಾಲೂ ಮಾಡಿದಾಗ ಮೀಟರು 14.1 ತೋರಿತು, ದೀಪಗಳನ್ನೆಲ್ಲ ಹೊತ್ತಿಸಿದಾಗಲೂ 13.9ಕ್ಕಿಂತ ಇಳಿಯಲಿಲ್ಲ.

ಒಂದು ಮೀಟರು, ಐದು ನಿಮಿಷ: ಇಷ್ಟು ವ್ಯವಧಾನ ಮೊದಲೇ ಇದ್ದಿದ್ದರೆ ಎರಡು ಬ್ಯಾಟರಿಗಳ ಹಣವೂ ಘಾಟಿಯ ಆ ಸಂಜೆಯೂ ಉಳಿಯುತ್ತಿದ್ದವು. ಬರಿದಾದ ಕುಡಿಕೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಸೋತ ದುಡಿಮೆ ಕಾಣುವುದು ಅಳೆದು ನೋಡುವವನಿಗೆ. ಸಜ್ಜನರು ಮಳೆಗಾಲಕ್ಕೆ ಮುನ್ನ ತಮ್ಮ ವಾಹನಗಳ ಈ ಅಂಕಿಯನ್ನೊಮ್ಮೆ ನೋಡಿಸಿಕೊಳ್ಳುವುದು ಒಳಿತು. ಪಕ್ಕದ ಆಸನದಲ್ಲಿ ತಾಯಿ ಕುಳಿತಿರಬಹುದು.