ಎರಡನೆಯ ಕೈ

ಎಂಬತ್ತರ ದಶಕದ ಕೊನೆಯಲ್ಲಿ ನಾನು ವರ್ಲಿಯ ಮಹಾರಾಷ್ಟ್ರ ರೈಫಲ್ ಅಸೋಸಿಯೇಷನ್ನಿನ ರೇಂಜಿಗೆ ಹೋಗತೊಡಗಿದಾಗ ಪಿಸ್ತೂಲೆಂದರೆ ಒಂದೇ ಕೈಯ ವಿದ್ಯೆ. "ಡಾವಾ ಹಾತ್ ಖಿಶಾತ್!" (ಎಡಗೈ ಜೇಬಿನಲ್ಲಿ!) ಎಂದು ಕಲಿಸುವವರು ಗದರುತ್ತಿದ್ದರು. ಎಡಗೈ ತೂಗಾಡಿದರೆ ಭುಜ ಅಲುಗುತ್ತದೆ, ಜೇಬಿಗಿಳಿಸಿದರೆ ಸುಮ್ಮನಿರುತ್ತದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಟರ್ಕಿಯ ಯೂಸುಫ್ ದಿಕೆಚ್ ಹಾಗೆ ನಿಂತದ್ದಕ್ಕೆ ಜಗತ್ತೆಲ್ಲ ಬೆರಗಾಯಿತು, ನಮಗೇನೂ ಹೊಸದೆನಿಸಲಿಲ್ಲ. ಗುರಿಗೆ ಓರೆಯಾಗಿ ನಿಂತು, ತೋಳು ನೀಳವಾಗಿ ಚಾಚಿ ಹೊಡೆಯುವ ಆ ಕ್ರಮದಲ್ಲೇ ಮುಂಬಯಿಯ ಅಶೋಕ್ ಪಂಡಿತ್ 1990ರ ಆಕ್ಲಂಡ್ ಕಾಮನ್‌ವೆಲ್ತ್ ಕೂಟದಲ್ಲಿ ಸೆಂಟರ್ ಫೈರ್ ಪಿಸ್ತೂಲ್ ಸ್ಪರ್ಧೆಯ ಚಿನ್ನ ತಂದಿದ್ದರು.

ಎರಡು ಕೈ ಹಿಡಿತವನ್ನು ನನಗೆ ಮೊದಲು ತೋರಿಸಿದ್ದು ಕುಂದಾಪುರ ಕಡೆಯ ಒಬ್ಬ ಪೊಲೀಸ್ ಗೆಳೆಯ. ಐವತ್ತರ ದಶಕದಲ್ಲಿ ಅಮೆರಿಕದ ಷೆರೀಫ್ ಅಧಿಕಾರಿ ಜ್ಯಾಕ್ ವೀವರ್ ಪಂದ್ಯಗಳಲ್ಲಿ ಪಳಗಿಸಿದ ರೀತಿ ಅದು: ಬಲಗೈ ಮುಂದಕ್ಕೆ ತಳ್ಳುವುದು, ಮೊಣಕೈ ಮಡಿಸಿದ ಎಡಗೈ ಹಿಂದಕ್ಕೆ ಎಳೆಯುವುದು. ಗೆಳೆಯನದು ರಿವಾಲ್ವರ್, ಎಡ ಹೆಬ್ಬೆರಳು ಬಲದ ಮೇಲೆ ಅಡ್ಡ ಕೂರುತ್ತಿತ್ತು.

ಮುಂದೆ ಅವನ ಕೈಗೆ 9 ಎಂಎಂ ಪಿಸ್ತೂಲು ಬಂತು. "ಹಳೆ ಹಿಡಿತ ಇದಕ್ಕೆ ಆಗುದಿಲ್ಲ ಮಾರಾಯ" ಎಂದ. ಗುಂಡು ಹಾರಿದಾಗ ಪಿಸ್ತೂಲಿನ ಮೇಲ್ಭಾಗದ ಸ್ಲೈಡ್ ರಪ್ಪನೆ ಹಿಂದೆ ಸರಿಯುತ್ತದೆ. ಅದರ ಹಿಂದೆ ಹೆಬ್ಬೆರಳಿದ್ದರೆ ಚರ್ಮ ಸೀಳುತ್ತದೆ. ಹೆಬ್ಬೆರಳುಗಳನ್ನು ಒಂದೇ ಬದಿಯಲ್ಲಿ ಮುಂದಕ್ಕೆ ಚಾಚಬೇಕು. ರಿವಾಲ್ವರಿನಲ್ಲಾದರೆ ಹೀಗೆ ಚಾಚುವುದೇ ಅಪಾಯ: ಸಿಲಿಂಡರಿನ ಸಂದಿಯಿಂದ ಚಿಮ್ಮುವ ಬಿಸಿ ಅನಿಲ ಬೆರಳು ಸುಡುತ್ತದೆ. ಹಿಡಿತವನ್ನು ಬದಲಿಸಿದ್ದು ಯಾವ ಗುರುವೂ ಅಲ್ಲ, ಯಂತ್ರ ಎಂದೇ ನನ್ನ ಅಭಿಪ್ರಾಯ.

ನಿಲುವು ಬದಲಾದದ್ದಕ್ಕೆ ಕಾರಣ ಬೇರೆ. 26/11ರ ಮುಂಬಯಿ ದಾಳಿಯ ಬಳಿಕ, 2009ರಲ್ಲಿ ಮಹಾರಾಷ್ಟ್ರ ಪೊಲೀಸರ ಕಮಾಂಡೊ ಪಡೆ ಫೋರ್ಸ್ ವನ್ ಹುಟ್ಟಿದ ಕಾಲಕ್ಕೆ, ಗುಂಡುನಿರೋಧಕ ಕವಚದ ಮಾತೇ ಎಲ್ಲೆಡೆ. ವೀವರ್ ರೀತಿಯಲ್ಲಿ ಓರೆ ನಿಂತರೆ ಕವಚವಿಲ್ಲದ ಕಂಕುಳು ಎದುರಾಳಿಗೆ ಕಾಣುತ್ತದೆ. ಎದೆಗೊಟ್ಟು ನಿಂತು ಎರಡೂ ತೋಳು ಸಮವಾಗಿ ಚಾಚುವುದನ್ನು ಎಂಬತ್ತರ ದಶಕದಲ್ಲಿ ಅಮೆರಿಕದ ಪಂದ್ಯಗಾರರಾದ ರಾಬ್ ಲೇಥಮ್, ಬ್ರಯಾನ್ ಈನೋಸ್ ವೇಗಕ್ಕಾಗಿ ರೂಢಿಸಿದ್ದರು. ಇಲ್ಲಿ ಗೆಳೆಯ ಅದನ್ನು ಮೆಚ್ಚಿಕೊಂಡದ್ದು ಪ್ರಾಣಕ್ಕಾಗಿ.

ನಮ್ಮ ರೇಂಜಿನಲ್ಲಿ ಒಂದೇ ಕೈ ಉಳಿಯಿತು. ಅಂತರರಾಷ್ಟ್ರೀಯ ನಿಯಮ ಮಣಿಕಟ್ಟಿಗೂ ಆಸರೆ ಒಪ್ಪದು. ಬದಲಾದದ್ದು ಮರದ ಹಿಡಿ: ಅಂಗೈಗೆ ತಕ್ಕಂತೆ ಅರ ಹಾಕಿ, ಪುಟ್ಟಿ ಮೆತ್ತಿ, ಮತ್ತೆ ಉಜ್ಜುವ ಕೆಲಸಕ್ಕೆ ನಾವು ಸಂಜೆಗಳನ್ನೇ ಸುರಿಯುತ್ತಿದ್ದೆವು. 9 ಎಂಎಂ ಅಂತೂ ಸಾಮಾನ್ಯ ಪರವಾನಗಿದಾರರಿಗೆ ನಿಷಿದ್ಧ. ಗೆಳೆಯನ ಹಿಡಿತವನ್ನು ನಾನು ಬರಿಗೈಯಲ್ಲೇ ಕಲಿತೆ.